ಬಿಸಿಲೇರಿದರೆ ಕಂಬಳಿಹುಳು ಹೆಚ್ಚುತ್ತದೆಯೋ, ಅಳಿಯುತ್ತದೆಯೋ?

2018ರ ಆಗಸ್ಟ್ ಕೊನೆಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನವು, ಭೂಮಿಯ ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆಲ್ಲ ಭತ್ತ, ಗೋಧಿ ಮತ್ತು ಮೆಕ್ಕೆಜೋಳದಲ್ಲಿ ಕೀಟಗಳಿಂದಾಗುವ ನಷ್ಟ ಶೇ. 10ರಿಂದ 25ರಷ್ಟು ಹೆಚ್ಚಲಿದೆ ಎಂದು ಲೆಕ್ಕ ಹಾಕಿತು. ಆರೇಳು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರಿನಲ್ಲಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕೆ ತದ್ವಿರುದ್ಧವಾದ ಮಾತು ಹೇಳಿತು: ಪೋರ್ಟೊರಿಕೊದ ಲುಕಿಯೊ ಮಳೆಕಾಡಿನಲ್ಲಿ 1970ರ ದಶಕಕ್ಕೆ ಹೋಲಿಸಿದರೆ ಕೀಟಗಳ ಒಟ್ಟು ತೂಕ ಹಲವು ಪಟ್ಟು ಕುಸಿದಿದೆ, ಅದಕ್ಕೆ ಏರಿದ ಉಷ್ಣತೆಯೇ ಕಾರಣ ಎಂದು. ಅದೇ ವರ್ಷದ ಮೇ ತಿಂಗಳಿನಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಫಾಲ್ ಸೈನಿಕ ಹುಳು ಭಾರತದಲ್ಲೇ ಮೊದಲ ಬಾರಿಗೆ ಪತ್ತೆಯಾಗಿತ್ತಾದ್ದರಿಂದ, ಕನ್ನಡದ ಓದುಗರಿಗೆ ಮೊದಲನೆಯ ಸುದ್ದಿಯೇ ಹೆಚ್ಚು ನಂಬಲರ್ಹವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಅಂದಿನಿಂದ ಪ್ರತಿ ಬೇಸಿಗೆಯಲ್ಲೂ ಈ ಎರಡು ಬಗೆಯ ಸುದ್ದಿಗಳು ಅಕ್ಕಪಕ್ಕದಲ್ಲೇ ಬರುತ್ತಿವೆ. ಬಿಸಿ ಹೆಚ್ಚಿದರೆ ಹುಳುಗಳಿಗೆ ಸುಗ್ಗಿಯೆಂದು ಒಂದು, ಸಾವೆಂದು ಇನ್ನೊಂದು. ಇವೆರಡರಲ್ಲಿ ಯಾವುದೋ ಒಂದು ಸುಳ್ಳಾಗಿರಬೇಕೆಂದು ತೋರುವುದು ಸಹಜ. ಆದರೆ ಕಾಡಿನ ಕಂಬಳಿಹುಳು ಬಿಸಿಯನ್ನು ಹೇಗೆ ತಾಳಿಕೊಳ್ಳುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ, ಪ್ರಶ್ನೆ ಬಿಸಿಲಿಗಿಂತ ಹೆಚ್ಚಾಗಿ ನೀರಿನದು ಎಂಬುದು ಸ್ಪಷ್ಟವಾಗುತ್ತದೆ. (ಮೈಮೇಲೆ ರೋಮವಿರುವವನ್ನಷ್ಟೇ ಕಂಬಳಿಹುಳು ಎನ್ನುವುದು ವಾಡಿಕೆ, ರೋಮವಿಲ್ಲದವು ರೈತರ ಬಾಯಲ್ಲಿ ಕೀಡೆಗಳು. ಇಲ್ಲಿ ಚಿಟ್ಟೆ ಮತ್ತು ಪತಂಗಗಳ ಎಲ್ಲ ಮರಿಹುಳುಗಳಿಗೂ ಆ ಹೆಸರನ್ನೇ ಬಳಸಲಾಗಿದೆ.)

ಏರು ಉದ್ದ, ಇಳಿವು ಕಡಿದು

ಮನುಷ್ಯನ ಮೈ ಹೊರಗೆ ಚಳಿಯಿರಲಿ ಸೆಕೆಯಿರಲಿ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಕಂಬಳಿಹುಳುವಿಗೆ ಅಂಥ ವ್ಯವಸ್ಥೆಯಿಲ್ಲ. ಸುತ್ತಲ ಗಾಳಿ, ಕಾಲಡಿಯ ಎಲೆ, ಮೇಲೆ ಬೀಳುವ ಬಿಸಿಲು ಈ ಮೂರೂ ಸೇರಿ ಅದರ ಮೈಬಿಸಿಯನ್ನು ನಿರ್ಧರಿಸುತ್ತವೆ. ಬೆವರುವ ಗ್ರಂಥಿ ಅದಕ್ಕಿಲ್ಲ. ನೀರನ್ನು ಕುಡಿಯಲು ಹೊಂಡಕ್ಕೆ ಹೋಗುವ ಪ್ರಾಣಿಯೂ ಅದಲ್ಲ. ಅದಕ್ಕೆ ಬೇಕಾದ ನೀರು ಬಹುಪಾಲು ತಿಂದ ಎಲೆಯಿಂದಲೇ ಬರಬೇಕು.

ಮೈಬಿಸಿ ಏರಿದಂತೆ ಜೀರ್ಣಕ್ರಿಯೆಯೂ ಉಸಿರಾಟವೂ ಚುರುಕಾಗುತ್ತವೆ, ಹುಳು ಹೆಚ್ಚು ತಿನ್ನುತ್ತದೆ, ಬೇಗ ಬೆಳೆಯುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ಕ್ರಿಯೆಗಳ ವೇಗ ಸುಮಾರಾಗಿ ಎರಡು ಪಟ್ಟಾಗುತ್ತದೆ ಎಂಬುದು ಜೀವವಿಜ್ಞಾನದ ಹಳೆಯ ಅಂದಾಜು. ಆದರೆ ಈ ಏರಿಕೆ ಒಂದು ಹಂತದವರೆಗೆ ಮಾತ್ರ. ಆ ಹಂತ ದಾಟಿದ ಮೇಲೆ ದೇಹದೊಳಗಿನ ಪ್ರೋಟೀನುಗಳು ತಮ್ಮ ಆಕಾರ ಕಳೆದುಕೊಳ್ಳತೊಡಗುತ್ತವೆ, ಉಸಿರಾಟದ ರಂಧ್ರಗಳಿಂದ ನೀರು ವೇಗವಾಗಿ ಆರುತ್ತದೆ, ಬೆಳವಣಿಗೆ ಥಟ್ಟನೆ ನಿಲ್ಲುತ್ತದೆ. ಬೆಟ್ಟದ ಒಂದು ಮಗ್ಗುಲಲ್ಲಿ ನಿಧಾನವಾಗಿ ಹತ್ತುವ ದಾರಿ, ಇನ್ನೊಂದು ಮಗ್ಗುಲಲ್ಲಿ ಕಡಿದಾದ ಪ್ರಪಾತ ಇದ್ದಂತೆ. ಹಲವು ಜಾತಿಗಳಲ್ಲಿ ಆ ಪ್ರಪಾತದ ತಳ 40ರಿಂದ 45 ಡಿಗ್ರಿಗಳ ನಡುವೆ ಎಲ್ಲೋ ಇರುತ್ತದೆ.

ಇದರಿಂದ ಒಂದು ಮುಖ್ಯ ಪರಿಣಾಮ ಹೊರಡುತ್ತದೆ. ತಣ್ಣನೆಯ ನಾಡಿನ ಹುಳು ಬೆಟ್ಟದ ಏರಿನಲ್ಲಿ ಇನ್ನೂ ಕೆಳಗೇ ಇರುವುದರಿಂದ, ಎರಡು ಡಿಗ್ರಿ ಬಿಸಿ ಹೆಚ್ಚಿದರೆ ಅದಕ್ಕೆ ಲಾಭವೇ. ಉಷ್ಣವಲಯದ ಹುಳು ಆಗಲೇ ತುದಿಯ ಹತ್ತಿರ ಇದೆ. ಅದಕ್ಕೆ ಒಂದೇ ಡಿಗ್ರಿ ಕೂಡ ಜಾರಿಕೆಯಾದೀತು. ಕರ್ಟಿಸ್ ಡಾಯ್ಚ್ ಮತ್ತು ಸಂಗಡಿಗರು 2008ರಲ್ಲೇ ಈ ವಾದವನ್ನು ಮುಂದಿಟ್ಟಿದ್ದರು. ಧ್ರುವಗಳ ಕಡೆಗೆ ಉಷ್ಣತೆ ಹೆಚ್ಚು ಏರುತ್ತಿದ್ದರೂ ಕೀಟಗಳಿಗೆ ಹೆಚ್ಚು ಅಪಾಯ ಕಡಿಮೆ ಏರಿಕೆಯಿರುವ ಉಷ್ಣವಲಯದಲ್ಲೇ ಎಂಬುದು ಅದರ ಸಾರ. ಬೆಳೆನಷ್ಟದ ಬಗ್ಗೆ 2018ರಲ್ಲಿ ಲೆಕ್ಕ ಹಾಕಿದ ತಂಡದ ಮೊದಲ ಹೆಸರೂ ಇದೇ ವಿಜ್ಞಾನಿಯದು ಎಂಬುದನ್ನು ಗಮನಿಸಿದರೆ, ಎರಡು ಸುದ್ದಿಗಳೂ ಒಂದೇ ವಕ್ರರೇಖೆಯ ಎರಡು ಮಗ್ಗುಲುಗಳು ಎಂಬುದು ತಿಳಿಯುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಬಿಸಿಯಲ್ಲಿ ಬೇಗ ಬೆಳೆದ ಹುಳು ಸಾಮಾನ್ಯವಾಗಿ ಚಿಕ್ಕ ಪತಂಗವಾಗುತ್ತದೆ, ಚಿಕ್ಕ ಹೆಣ್ಣು ಕಡಿಮೆ ಮೊಟ್ಟೆ ಇಡುತ್ತದೆ. ಆದ್ದರಿಂದ ಪೀಳಿಗೆಗಳು ಬೇಗಬೇಗ ಉರುಳುತ್ತಿವೆ ಎಂದಮಾತ್ರಕ್ಕೆ ಸಂಖ್ಯೆಯೂ ಅಷ್ಟೇ ವೇಗದಲ್ಲಿ ಹೆಚ್ಚುತ್ತದೆ ಎನ್ನಲಾಗದು.

ಮಡಕೆಯೂ ಎಲೆಯೂ

2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾಯಿತು. ಹವಾಮಾನ ಇಲಾಖೆಯ ಈ ಅಂಕಿ, ನೆಲದಿಂದ ಸುಮಾರು ಎದೆಯೆತ್ತರದಲ್ಲಿ, ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗಿನ ನೆರಳಿನ ಉಷ್ಣತೆ. ಕಂಬಳಿಹುಳು ಬದುಕುವುದು ಆ ಪೆಟ್ಟಿಗೆಯಲ್ಲಲ್ಲ. ಎಲೆಯ ಮೇಲ್ಮೈಗೆ ಅಂಟಿಕೊಂಡಂತಿರುವ ಕೆಲವೇ ಮಿಲಿಮೀಟರ್ ದಪ್ಪದ ಗಾಳಿಯ ಪದರದೊಳಗೆ ಅದರ ಲೋಕವೆಲ್ಲ ಮುಗಿಯುತ್ತದೆ. ಮೊಟ್ಟೆಯೊಡೆದು ಬಂದ ಮೊದಲ ದಿನಗಳ ಹುಳುವಂತೂ ಆ ಪದರದಲ್ಲಿ ಪೂರ್ತಿ ಮುಳುಗಿರುತ್ತದೆ.

ಆ ಪದರದ ಬಿಸಿಯನ್ನು ನಿರ್ಧರಿಸುವುದು ಎಲೆ. ಮಣ್ಣಿನ ಮಡಕೆಯ ನೀರು ಬೇಸಿಗೆಯಲ್ಲೂ ತಣ್ಣಗಿರುವುದು ಅದರ ಮೈಯಿಂದ ನೀರು ಜಿನುಗಿ ಆರುವುದರಿಂದ. ಆರುವ ಪ್ರತಿ ಹನಿಯೂ ಒಂದಿಷ್ಟು ಬಿಸಿಯನ್ನು ಹೊತ್ತೊಯ್ಯುತ್ತದೆ. ಎಲೆ ಮಾಡುವುದೂ ಅದನ್ನೇ. ಬೇರಿನಿಂದ ಬಂದ ನೀರನ್ನು ಪತ್ರರಂಧ್ರಗಳ ಮೂಲಕ ಆವಿಯಾಗಿ ಬಿಡುತ್ತಾ ಅದು ತನ್ನನ್ನೂ ತನ್ನ ಮೇಲಿರುವ ಹುಳುವನ್ನೂ ತಂಪಾಗಿಡುತ್ತದೆ. ಅಮೆರಿಕದ ಅರಿಜೋನಾದ ಮರುಭೂಮಿಯಲ್ಲಿ ಬೆಳೆಯುವ ದತ್ತೂರಿಯ ಅಗಲವಾದ ಎಲೆಗಳ ಮೇಲೆ ಪತಂಗದ ಮೊಟ್ಟೆಗಳು ಸುಡುಬಿಸಿಲಿನಲ್ಲೂ ಉಳಿಯುವುದಕ್ಕೆ, ದಿನದ ಅತಿ ಬಿಸಿ ಹೊತ್ತಿನಲ್ಲಿ ಆ ಎಲೆಗಳು ಗಾಳಿಗಿಂತ ತಣ್ಣಗಿರುವುದೇ ಕಾರಣವೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು.

ಆದರೆ ಮಡಕೆಯಲ್ಲಿ ನೀರಿರಬೇಕಲ್ಲ. ಮಣ್ಣು ಒಣಗಿದಾಗ ಗಿಡ ತನ್ನ ಜೀವ ಉಳಿಸಿಕೊಳ್ಳಲು ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಅದರೊಂದಿಗೆ ತಂಪಾಗಿಸುವ ಕೆಲಸವೂ ನಿಲ್ಲುತ್ತದೆ, ಬಿಸಿಲಿಗೆ ಮೈಯೊಡ್ಡಿದ ಎಲೆ ಗಾಳಿಗಿಂತ ಹಲವು ಡಿಗ್ರಿ ಹೆಚ್ಚು ಕಾಯುತ್ತದೆ. ಅಗಲವಾದ ಎಲೆ ಗಾಳಿಗೆ ಬಿಸಿ ಬಿಟ್ಟುಕೊಡುವುದು ನಿಧಾನವಾದ್ದರಿಂದ ಇನ್ನೂ ಹೆಚ್ಚು ಕಾಯುತ್ತದೆ. ನಿನ್ನೆಯವರೆಗೆ ಮಡಕೆಯಾಗಿದ್ದದ್ದು ಇಂದು ಕಾವಲಿ. ಅದೇ ಹೊತ್ತಿಗೆ ಎಲೆಯೊಳಗಿನ ನೀರಿನಂಶವೂ ಇಳಿದು ಎಲೆ ಒರಟಾಗುವುದರಿಂದ, ಹುಳುವಿಗೆ ಹೆಚ್ಚು ನೀರು ಬೇಕಾದ ದಿನವೇ ಸಿಗುವ ನೀರು ಕಡಿಮೆಯಾಗುತ್ತದೆ. ಗಾಳಿಯ ಉಷ್ಣತೆ ಎರಡೂ ದಿನ 36 ಡಿಗ್ರಿಯೇ ಇರಬಹುದು. ಮಳೆಯ ಮರುದಿನದ 36 ಡಿಗ್ರಿಯೂ ಎರಡು ತಿಂಗಳ ಒಣಹವೆಯ ನಂತರದ 36 ಡಿಗ್ರಿಯೂ ಹುಳುವಿನ ಪಾಲಿಗೆ ಬೇರೆಬೇರೆ ಲೋಕಗಳು.

ಇಡೀ ಕಾಡಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಐದು ಖಂಡಗಳ 98 ತಾಣಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಮರಗಳ ಅಡಿಯ ಗರಿಷ್ಠ ಉಷ್ಣತೆ ಬಯಲಿಗಿಂತ ಸರಾಸರಿ 4 ಡಿಗ್ರಿಯಷ್ಟು ಕಡಿಮೆ, ಕನಿಷ್ಠ ಉಷ್ಣತೆ ಒಂದು ಡಿಗ್ರಿಯಷ್ಟು ಹೆಚ್ಚು. ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ಎರಡು ಡಿಗ್ರಿಗೆ ಇಷ್ಟು ಮಾತುಕತೆ ನಡೆಯುತ್ತಿರುವಾಗ, ಒಂದು ತೋಪನ್ನು ಕಡಿದರೆ ಅದರಡಿಯ ಹುಳುಗಳಿಗೆ ಒಂದೇ ಮಧ್ಯಾಹ್ನದಲ್ಲಿ ಅದರ ಎರಡು ಪಟ್ಟು ಏರಿಕೆ ಎದುರಾಗುತ್ತದೆ.

ತೇಗದ ಎಲೆಯ ಅಂಚಿನಲ್ಲಿ

ಎಲೆ ಕೊಡುವ ತಂಪನ್ನು ಹುಳು ಸುಮ್ಮನೆ ಕುಳಿತು ಪಡೆಯುವುದಿಲ್ಲ. ಪಶ್ಚಿಮಘಟ್ಟದ ಉದ್ದಕ್ಕೂ ತೇಗವನ್ನು ಕಾಡುವ ಹೈಬ್ಲಿಯಾ ಪ್ಯೂರಾ ಎಂಬ ಪತಂಗದ ಮರಿಹುಳುವನ್ನು ನೋಡಬಹುದು. ಹೆಣ್ಣು ಪತಂಗ ಎಳೆಯ ಚಿಗುರೆಲೆಯ ಮೇಲೆ ಮೊಟ್ಟೆ ಇಡುತ್ತದೆ. ಮೊದಲೆರಡು ಹಂತಗಳಲ್ಲಿ ಹುಳು ಎಲೆಯ ಮೇಲ್ಮೈಯನ್ನು ಕೆರೆದು ತಿನ್ನುತ್ತದೆ. ಸ್ವಲ್ಪ ಬಲಿತ ಮೇಲೆ ಎಲೆಯ ಅಂಚಿನಿಂದ ಒಳಕ್ಕೆ ಕತ್ತರಿಸಿ, ಕತ್ತರಿಸಿದ ತುಂಡನ್ನು ಲಕೋಟೆಯ ಮುಚ್ಚಳದಂತೆ ಮಡಚಿ, ಬಾಯಿಂದ ತೆಗೆದ ನೂಲಿನಿಂದ ನಾಲ್ಕಾರು ಕಡೆ ಬಿಗಿದು ಒಳಗೆ ಸೇರಿಕೊಳ್ಳುತ್ತದೆ. ಹಸಿವಾದಾಗ ಹೊರಗೆ ಬಂದು ತಿಂದು ಮತ್ತೆ ಮಡಿಕೆಯೊಳಕ್ಕೆ ಹೋಗುತ್ತದೆ. ಈ ಮಡಿಕೆ ಹಕ್ಕಿಗಳ ಮತ್ತು ಕಣಜಗಳ ಕಣ್ಣು ತಪ್ಪಿಸಲೂ ಆಗುತ್ತದೆ, ಬಿಸಿಲಿಗೆ ಮರೆಯೂ ಆಗುತ್ತದೆ. ಎಲೆ ಬಿಡುವ ಆವಿ ಬೇಗ ಹಾರಿಹೋಗದೆ ಒಳಗಿನ ಗಾಳಿ ತೇವವಾಗಿಯೂ ಇರುತ್ತದೆ. ಕೋಶವಾಗುವ ಹೊತ್ತಿಗೆ ಹುಳು ನೂಲಿನಲ್ಲಿ ಜೋತು ನೆಲಕ್ಕಿಳಿದು ತರಗೆಲೆಗಳ ಅಡಿಯಲ್ಲಿ ಸೇರುತ್ತದೆ. ಮೊಟ್ಟೆಯಿಂದ ಅಲ್ಲಿಯವರೆಗಿನ ಬದುಕು ಎರಡು ವಾರದ ಆಸುಪಾಸು.

ಬೇರೆ ಹುಳುಗಳ ಉಪಾಯಗಳು ಬೇರೆ. ಅಮೆರಿಕದ ಪೈಪ್‌ವೈನ್ ಸ್ವಾಲೋಟೇಲ್ ಚಿಟ್ಟೆಯ ಮರಿಹುಳು ತಂಪಿನಲ್ಲಿ ಬೆಳೆದರೆ ಕಪ್ಪಗಿರುತ್ತದೆ, ಉಷ್ಣತೆ 30 ಡಿಗ್ರಿ ದಾಟಿದರೆ ಕೆಂಪಾಗುತ್ತದೆ. ಕೆಂಪು ಮೈ ಬಿಸಿಲಿನಲ್ಲಿ ಕಪ್ಪು ಮೈಯಷ್ಟು ಕಾಯುವುದಿಲ್ಲ. ಅದೂ ಸಾಲದಾದಾಗ ಹುಳು ತಿನ್ನುವ ಬಳ್ಳಿಯನ್ನೇ ಬಿಟ್ಟು ಪಕ್ಕದ ಗಿಡದ ತುದಿಗೆ ಹತ್ತಿ ಕೂರುತ್ತದೆ ಎಂಬುದನ್ನು ಕ್ರಿಸ್ ನೈಸ್ ಮತ್ತು ಜೇಮ್ಸ್ ಫೋರ್ಡೈಸ್ 2006ರಲ್ಲಿ ವರದಿ ಮಾಡಿದರು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಇದರ ಹತ್ತಿರದ ಸಂಬಂಧಿ. ಅದರ ಮರಿಹುಳು ತಿನ್ನುವ ಈಶ್ವರಿ ಬಳ್ಳಿಯೂ ಅಮೆರಿಕದ ಆ ಬಳ್ಳಿಯೂ ಒಂದೇ ಕುಲದವು.

ಈ ಎಲ್ಲ ಉಪಾಯಗಳಿಗೂ ಬೆಲೆಯಿದೆ. ಬಳ್ಳಿ ಬಿಟ್ಟು ದೂರ ಕುಳಿತ ಹುಳು ಅಷ್ಟು ಹೊತ್ತು ಉಪವಾಸ. ಮಡಿಕೆ ಕಟ್ಟಲು ನೂಲು ಬೇಕು, ನೂಲಿಗೆ ಪ್ರೋಟೀನು ಬೇಕು. ಬಿಸಿ ಗಂಟೆಗಳು ದಿನಕ್ಕೆ ಎರಡರಿಂದ ಐದಕ್ಕೆ ಏರಿದರೆ, ಅಡಗಿ ಕೂತೇ ದಿನ ಕಳೆಯುತ್ತದೆ. ರಾತ್ರಿಯೂ ಬಿಸಿಯಾಗಿದ್ದರೆ ವಿಶ್ರಾಂತಿಯಲ್ಲೂ ಉಸಿರಾಟದ ಖರ್ಚು ಇಳಿಯದೆ, ಹಗಲು ತಿಂದದ್ದು ರಾತ್ರಿ ಕರಗುತ್ತದೆ.

ರೇಷ್ಮೆ ಮನೆ ಬಲ್ಲ ಸಂಗತಿ

ಕಾಡಿನ ಹುಳುವಿನ ದೇಹದೊಳಗೆ ಏನಾಗುತ್ತದೆಂದು ತಿಳಿಯಲು ಕನ್ನಡಿಗರಿಗೆ ಒಂದು ಅನುಕೂಲವಿದೆ: ರಾಮನಗರ, ಕೋಲಾರ, ಚಿಕ್ಕಬಳ್ಳಾಪುರಗಳ ಸಾವಿರಾರು ಮನೆಗಳಲ್ಲಿ ಕಂಬಳಿಹುಳುವನ್ನೇ ಸಾಕುತ್ತಾರೆ. ರೇಷ್ಮೆ ಹುಳು ಕಾಡು ಬಿಟ್ಟು ಸಾವಿರಾರು ವರ್ಷಗಳಾಗಿದ್ದರೂ ಅದರ ದೇಹದ ನಿಯಮಗಳು ಹೆಚ್ಚೇನೂ ಬೇರೆಯಲ್ಲ. ಚಾಕಿ ಎಂಬ ಎಳೆಹುಳುವಿನ ಹಂತದಲ್ಲಿ 26ರಿಂದ 28 ಡಿಗ್ರಿ ಮತ್ತು ಹೆಚ್ಚು ತೇವ, ಬಲಿತ ಹುಳುವಿಗೆ 23ರಿಂದ 25 ಡಿಗ್ರಿ ಮತ್ತು ಕಡಿಮೆ ತೇವ ಎಂಬುದು ಸಾಕಣೆಯ ಸಾಮಾನ್ಯ ಸೂತ್ರ. ಹುಳು ಪೊರೆ ಬಿಡುವ ಅವಧಿಯನ್ನು ರೇಷ್ಮೆ ರೈತರು ‘ಜ್ವರ’ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆ ಹುಳು ಹೊಟ್ಟೆಬಾಕನಂತೆ ತಿನ್ನುವ ವಾರದಲ್ಲೇ ಏಪ್ರಿಲ್‌ನ ಸೆಕೆ ಬಿದ್ದರೆ ಹಾಲುತೊಂಡೆ, ಸಪ್ಪೆ ರೋಗಗಳು ಎದ್ದುಬಿಡುತ್ತವೆ. ಬಿಸಿ ನೇರವಾಗಿ ಕೊಲ್ಲದಿದ್ದರೂ, ದೇಹವನ್ನು ದುರ್ಬಲಗೊಳಿಸಿ ಒಳಗೇ ಇದ್ದ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುವ ರೈತ ಮಾಡುತ್ತಿರುವುದು ಕಾಡಿನಲ್ಲಿ ಎಲೆ ಮಾಡುವ ಕೆಲಸವನ್ನೇ.

ತಳಿಗಳ ನಡುವಿನ ವ್ಯತ್ಯಾಸವೂ ಇಲ್ಲಿ ಕಣ್ಣಿಗೆ ಕಾಣುತ್ತದೆ. ವರ್ಷಕ್ಕೆ ಎರಡು ಪೀಳಿಗೆಯ ದ್ವಿತಳಿಯ ಗೂಡಿನಿಂದ ಸುಮಾರು ಸಾವಿರ ಮೀಟರ್ ನೂಲು ಬಂದರೆ, ಹಳೆಯ ಮೈಸೂರು ತಳಿಯ ಗೂಡಿನಲ್ಲಿ ಅದರ ಅರ್ಧವೂ ಇರದು. ಆದರೆ ಮೈಸೂರು ತಳಿ ಇಲ್ಲಿನ ಸೆಕೆಯನ್ನು ತಾಳುತ್ತದೆ. ಎರಡನ್ನೂ ಕೂಡಿಸಿದ ಮಿಶ್ರತಳಿ ದಶಕಗಳ ಕಾಲ ಕರ್ನಾಟಕದ ರೇಷ್ಮೆಯನ್ನು ಹೊತ್ತದ್ದು ಈ ಕಾರಣಕ್ಕೆ. ಬಿಸಿ ತಾಳುವ ಗುಣ ಆನುವಂಶಿಕವಾಗಿ ಬರುತ್ತದೆ ಮತ್ತು ಅದಕ್ಕಾಗಿ ಬೇರೇನನ್ನೋ ಬಿಟ್ಟುಕೊಡಬೇಕಾಗುತ್ತದೆ ಎಂಬ ಎರಡು ಮಾತಿಗೂ ಇದು ಸಾಕ್ಷಿ.

ಬಿಟ್ಟುಕೊಡುವುದು ಏಕೆಂದರೆ, ತಾಳಿಕೆಯ ಒಂದು ಭಾಗ ದುರಸ್ತಿ ಕೆಲಸ. 1962ರಲ್ಲಿ ಇಟಲಿಯ ಫೆರುಚಿಯೊ ರಿಟೋಸಾ, ಹಣ್ಣುನೊಣಗಳಿದ್ದ ಪೆಟ್ಟಿಗೆಯ ಉಷ್ಣತೆ ಆಕಸ್ಮಿಕವಾಗಿ ಏರಿದಾಗ ಅವುಗಳ ವರ್ಣತಂತುಗಳಲ್ಲಿ ಹೊಸ ಉಬ್ಬುಗಳು ಮೂಡಿದ್ದನ್ನು ಕಂಡರು. ಬಿಸಿಗೆ ಆಕಾರ ಕೆಟ್ಟ ಪ್ರೋಟೀನುಗಳನ್ನು ಮತ್ತೆ ಸರಿಯಾಗಿ ಮಡಚುವ ಉಷ್ಣಾಘಾತ ಪ್ರೋಟೀನುಗಳ ಪತ್ತೆ ಶುರುವಾದದ್ದು ಅಲ್ಲಿಂದ. ರೇಷ್ಮೆ ಹುಳುವಿನಲ್ಲೂ ಕಾಡಿನ ಹುಳುವಿನಲ್ಲೂ ಇವು ಇವೆ. ಮಿತವಾದ ಬಿಸಿ ಒಮ್ಮೆ ತಗುಲಿದ ಹುಳು ಮರುದಿನದ ಹೆಚ್ಚಿನ ಬಿಸಿಗೆ ಸಿದ್ಧವಾಗಿರುವುದು ಇವುಗಳಿಂದ. ಆದರೆ ದುರಸ್ತಿಗೆ ಹೋದ ಶಕ್ತಿ ಬೆಳವಣಿಗೆಗೆ ಸಿಗುವುದಿಲ್ಲ.

ಇನ್ನೂ ಕಡಿಮೆ ಗಮನಕ್ಕೆ ಬರುವ ಹಾನಿ ಸಂತಾನದ್ದು. ಮೊಟ್ಟೆ ಪಡೆಯಲೆಂದು ಇಟ್ಟುಕೊಳ್ಳುವ ಬಿತ್ತನೆ ಗೂಡುಗಳನ್ನು 32 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿಟ್ಟರೆ ಗಂಡು ಪತಂಗಗಳು ಜೀವಂತವಾಗಿ ಹೊರಬಂದರೂ ಬಂಜೆಯಾಗಬಹುದು ಎಂಬುದು ಬಿತ್ತನೆ ಕೇಂದ್ರಗಳಿಗೆ ಬಹುಕಾಲದಿಂದ ಗೊತ್ತು. ಕಾಡಿನಲ್ಲೂ ಹೀಗಾದರೆ, ಸತ್ತ ಹುಳು ಒಂದೂ ಕಾಣದಿದ್ದರೂ ಮುಂದಿನ ಪೀಳಿಗೆ ಕ್ಷೀಣವಾಗಿರುತ್ತದೆ.

ವಾದ ಎಲ್ಲಿ ಕವಲೊಡೆಯುತ್ತದೆ

ಉಷ್ಣವಲಯದ ಕುಸಿತವನ್ನು ಒತ್ತಿ ಹೇಳುವವರ ಬಳಿ ಬಲವಾದ ಸಾಕ್ಷ್ಯವೆಂದರೆ ಕೋಸ್ಟರಿಕಾದ್ದು. ಅಲ್ಲಿನ ಲಾ ಸೆಲ್ವಾ ಎಂಬ ಸಂರಕ್ಷಿತ ಮಳೆಕಾಡಿನಲ್ಲಿ 22 ವರ್ಷ ಸಂಗ್ರಹಿಸಿದ ಮಾಹಿತಿಯನ್ನು ಆಧರಿಸಿ, ಸಾಮಾನ್ಯವಾಗಿದ್ದ ಕಂಬಳಿಹುಳು ಕುಲಗಳೂ ಅವುಗಳ ಮೇಲೆ ಬದುಕುವ ಪರಾವಲಂಬಿ ಕಣಜಗಳೂ ಇಳಿಮುಖವಾಗಿವೆ ಎಂದು 2020ರಲ್ಲಿ ವರದಿಯಾಯಿತು. ಅದೇ ದೇಶದ ಗ್ವಾನಕಾಸ್ಟೆಯಲ್ಲಿ ದಶಕಗಳಿಂದ ಕಂಬಳಿಹುಳುಗಳನ್ನು ಸಾಕಿ ದಾಖಲಿಸುತ್ತಿರುವ ಡೇನಿಯಲ್ ಜಾನ್ಜೆನ್ ಮತ್ತು ವಿನಿ ಹಾಲ್‌ವಾಕ್ಸ್ ದಂಪತಿ, 1960ರ ದಶಕದಲ್ಲಿ ನಾಲ್ಕು ತಿಂಗಳಿದ್ದ ಒಣಋತು ಈಗ ಆರು ತಿಂಗಳಾಗಿದೆ ಎನ್ನುತ್ತಾರೆ. ಇಲ್ಲೂ ಬಿಸಿಯ ಮಾತಿನ ಬೆನ್ನಿಗೇ ನೀರಿನ ಮಾತು ಬರುತ್ತದೆ.

ಇದಕ್ಕೆ ಆಕ್ಷೇಪಗಳಿವೆ. ಆರಂಭದಲ್ಲಿ ಹೇಳಿದ ಪೋರ್ಟೊರಿಕೊ ಅಧ್ಯಯನವನ್ನು, ಅದೇ ಕಾಡಿನಲ್ಲಿ ದೀರ್ಘಕಾಲ ಕೆಲಸ ಮಾಡಿದ ಇತರ ವಿಜ್ಞಾನಿಗಳು ಒಪ್ಪಲಿಲ್ಲ. ಉಷ್ಣತೆ ಏರಿದಂತೆ ಕಂಡದ್ದರಲ್ಲಿ ಅಳೆಯುವ ಉಪಕರಣ ಬದಲಾದದ್ದರ ಪಾಲಿದೆ, ಕೀಟಗಳ ಏರಿಳಿತಕ್ಕೆ 1989ರ ಹ್ಯೂಗೊ ಮತ್ತು 1998ರ ಜಾರ್ಜಸ್ ಚಂಡಮಾರುತಗಳು ಕಾಡನ್ನು ಬಯಲಾಗಿಸಿದ್ದೇ ಹೆಚ್ಚು ಕಾರಣ ಎಂಬುದು ಅವರ ವಾದ. ಈ ಆಕ್ಷೇಪ ನ್ಯಾಯವಾದದ್ದೇ. ಆದರೂ ಚಂಡಮಾರುತ ಮೊದಲು ಕಿತ್ತೊಗೆಯುವುದು ಮರದ ನೆತ್ತಿಯ ಹೊದಿಕೆಯನ್ನು, ಎಂದರೆ ಕೆಳಗಿನವರ ನೆರಳನ್ನು, ಎಂಬುದನ್ನು ಮರೆಯಬಾರದು. ಎರಡು ಕಾರಣಗಳು ಕೊನೆಗೆ ಒಂದೇ ದಾರಿಯಲ್ಲಿ ಹುಳುವನ್ನು ತಲುಪಬಹುದು.

ಜೀವಿಗಳು ಬದಲಾಗಿ ಹೊಂದಿಕೊಳ್ಳುತ್ತವೆ ಎನ್ನುವವರು ನೆದರ್ಲೆಂಡ್ಸ್‌ನ ವಿಂಟರ್ ಮಾತ್ ಪತಂಗವನ್ನು ತೋರಿಸುತ್ತಾರೆ. ಅಲ್ಲಿ ಬೆಚ್ಚನೆಯ ವಸಂತದಿಂದಾಗಿ ಓಕ್ ಮರ ಚಿಗುರುವ ಮೊದಲೇ ಮೊಟ್ಟೆಯೊಡೆದು ಹುಳುಗಳು ಹಸಿವಿನಿಂದ ಸಾಯುತ್ತಿದ್ದವು. ಕೆಲವೇ ವರ್ಷಗಳಲ್ಲಿ ಮೊಟ್ಟೆಯೊಡೆಯುವ ಕಾಲ ಆನುವಂಶಿಕವಾಗಿಯೇ ತಡವಾಯಿತೆಂದು 2013ರಲ್ಲಿ ತೋರಿಸಲಾಯಿತು. ಅದು ಕಾಲವನ್ನು ಹೊಂದಿಸಿಕೊಂಡ ಕತೆ. ಬಿಸಿ ತಾಳುವ ಗರಿಷ್ಠ ಮಿತಿಯ ವಿಷಯ ಬೇರೆ: ಚಳಿ ತಾಳುವ ಮಿತಿ ಜಾತಿಯಿಂದ ಜಾತಿಗೆ ಬಹಳ ಬದಲಾಗುತ್ತದೆ, ಬಿಸಿಯ ಮಿತಿ ಅಷ್ಟಾಗಿ ಬದಲಾಗುವುದಿಲ್ಲ.

ಶತ್ರು ಮೊದಲು ಸತ್ತರೆ

ಹುಳು ಒಂಟಿಯಾಗಿ ಬಿಸಿಯನ್ನು ಎದುರಿಸುವುದಿಲ್ಲ. ತಂಬಾಕಿನ ಹಾರ್ನ್‌ವರ್ಮ್ ಹುಳುವಿನ ದೇಹದೊಳಗೆ ಮೊಟ್ಟೆ ಇಡುವ ಕೊಟೇಸಿಯಾ ಎಂಬ ಸಣ್ಣ ಕಣಜದ ಮರಿಗಳು, 40 ಡಿಗ್ರಿಯ ಆಸುಪಾಸಿನ ಬಿಸಿಗೆ ಹುಳುವಿಗಿಂತ ಮೊದಲೇ ಸಾಯುತ್ತವೆ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಸ್ಪಂಜಿ ಮಾತ್ ಎಂಬ ಪತಂಗದ ಹುಳುಗಳನ್ನು ಹಿಡಿತದಲ್ಲಿಡುವ ಶಿಲೀಂಧ್ರಕ್ಕೆ ವಸಂತದ ತೇವ ಬೇಕು. 2015ರ ಬಳಿಕ ಒಣ ವಸಂತಗಳು ಬಂದಾಗ ಶಿಲೀಂಧ್ರ ಹಿಂದೆ ಬಿದ್ದು ಹುಳುಗಳು ಓಕ್ ಕಾಡುಗಳನ್ನೇ ಬೋಳಾಗಿಸಿದವು. ಅದೇ ಹುಳು ವರ್ಜೀನಿಯಾದ ಕರಾವಳಿಯಲ್ಲಿ ಅತಿ ಬಿಸಿಯಿಂದ ಹಿಂದೆ ಸರಿದಿದೆ. ಒಂದೇ ದೇಶದಲ್ಲಿ, ಒಂದೇ ಹುಳುವಿನ ವಿಷಯದಲ್ಲಿ, ಎರಡು ಸುದ್ದಿಗಳೂ ಏಕಕಾಲಕ್ಕೆ ನಿಜವಾದದ್ದು ಹೀಗೆ.

ಚೈತ್ರದ ಚಿಗುರು, ಭರಣಿಯ ಮಳೆ

ನಮ್ಮ ಒಣ ಎಲೆಯುದುರುವ ಕಾಡುಗಳಲ್ಲಿ ಹಲವು ಮರಗಳು ಮಳೆಗಾಲಕ್ಕೆ ಕಾಯದೆ ಸುಡುಬೇಸಿಗೆಯಲ್ಲೇ ಚಿಗುರುತ್ತವೆ. ಯುಗಾದಿಯ ಹೊಂಗೆಯ ಚಿಗುರನ್ನು ಹಾಡಿ ಹೊಗಳಿದವರು ಅದರ ಹಿಂದಿನ ಜಾಣತನವನ್ನು ಕೇಳಿರಲಿಕ್ಕಿಲ್ಲ. ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯಲ್ಲಿ ಕೆ. ಎಸ್. ಮುರಳಿ ಮತ್ತು ಆರ್. ಸುಕುಮಾರ್ ನಡೆಸಿದ, 1993ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಳೆಗೆ ಮೊದಲು ಚಿಗುರಿದ ಮರಗಳ ಎಲೆಗಳನ್ನು ಕೀಟಗಳು ತಿಂದದ್ದು ಮಳೆಯೊಂದಿಗೆ ಚಿಗುರಿದವಕ್ಕಿಂತ ಕಡಿಮೆ. ಒಣ ಬಿಸಿ ಹುಳುಗಳನ್ನು ದೂರವಿಟ್ಟಿರುವಾಗಲೇ ಮರ ತನ್ನ ಎಳೆ ಎಲೆಯನ್ನು ಬಲಿಸಿಕೊಂಡುಬಿಡುತ್ತದೆ.

ತೇಗ ಆ ಜಾಣತನ ಮಾಡುವುದಿಲ್ಲ. ಅದು ಏಪ್ರಿಲ್–ಮೇ ತಿಂಗಳ ಮುಂಗಾರು ಪೂರ್ವ ಮಳೆ ಬಿದ್ದ ಮೇಲೆ ಚಿಗುರುತ್ತದೆ. ಅದಾದ ಕೂಡಲೇ ಹೈಬ್ಲಿಯಾ ಪತಂಗಗಳು ಹಿಂಡಾಗಿ ಬಂದಿಳಿಯುತ್ತವೆ. ಕೇರಳದ ನಿಲಂಬೂರಿನ ತೇಗದ ತೋಟಗಳಲ್ಲಿ ಐದು ವರ್ಷ ಅಳೆದು ನೋಡಿದಾಗ, ಈ ಹುಳುವಿನ ಹಾವಳಿಯಿಂದ ಮರ ಬೆಳೆಯಬಹುದಾಗಿದ್ದ ಗಾತ್ರದಲ್ಲಿ ಶೇ. 44ರಷ್ಟು ನಷ್ಟವಾಗಿತ್ತು. ದಾಂಡೇಲಿ, ಹಳಿಯಾಳಗಳ ತೇಗಕ್ಕೂ ಈ ಹುಳು ಹೊಸದಲ್ಲ.

ಹುಳುವಿನ ಇಡೀ ಲೆಕ್ಕಾಚಾರ ಆ ಮೊದಲ ಮಳೆಯ ಮೇಲೆ ನಿಂತಿದೆ. ಭರಣಿ ಮಳೆ ಹದವಾಗಿ ಬಿದ್ದು ಕೃತ್ತಿಕೆಯವರೆಗೂ ಆಗೀಗ ಹನಿಯುತ್ತಿದ್ದರೆ, ಮಣ್ಣಿನಲ್ಲಿ ತೇವ ಇರುತ್ತದೆ, ಅಗಲವಾದ ತೇಗದೆಲೆ ಮಡಕೆಯ ಕೆಲಸ ಮಾಡುತ್ತದೆ, ಗಾಳಿಯ ಬಿಸಿ ಹುಳುವಿನ ಬೆಳವಣಿಗೆಯನ್ನು ಚುರುಕುಗೊಳಿಸುತ್ತದೆ. ಅಂಥ ವರ್ಷ ಬೇಸಿಗೆ ಬಿಸಿಯಾಗಿದ್ದಷ್ಟೂ ಕಾಡು ಬೇಗ ಬೋಳಾಗುತ್ತದೆ, ಎಲೆಗಳ ಜಾಗದಲ್ಲಿ ನರಗಳ ಬಲೆಯಷ್ಟೇ ಉಳಿಯುತ್ತದೆ. ಒಂದೇ ಮಳೆ ಬಿದ್ದು, ಚಿಗುರೂ ಬಂದು, ಮೊಟ್ಟೆಯೂ ಒಡೆದ ಮೇಲೆ ಮೂರು ವಾರ ಹನಿ ಬೀಳದೆ 40 ಡಿಗ್ರಿಯ ಬಿಸಿಲು ಕಾದರೆ, ಅದೇ ಅಗಲವಾದ ಎಲೆ ಕಾವಲಿಯಾಗಿ ಹುಳು ತಾನು ಹೊಲಿದ ಮಡಿಕೆಯೊಳಗೇ ಬತ್ತುತ್ತದೆ. ಆಗ ಹುಳುವಿನ ಹಾವಳಿ ತಪ್ಪಿತೆಂದು ತೇಗದ ತೋಟದವರು ನಿಟ್ಟುಸಿರು ಬಿಟ್ಟಾರು. ಜೂನ್ ತಿಂಗಳಲ್ಲಿ ಮರಿಗಳಿಗೆ ಹುಳು ತರಲು ಹೊರಟ ಹಕ್ಕಿಗಳಿಗೆ ಅದೇ ಬರಗಾಲ. ಮುಂಗಾರು ಪೂರ್ವ ಮಳೆ ಎಷ್ಟು ಬಿತ್ತು ಎನ್ನುವುದಕ್ಕಿಂತ ಎಷ್ಟು ದಿನಗಳ ಅಂತರದಲ್ಲಿ ಬಿತ್ತು ಎನ್ನುವುದನ್ನು ನೋಡಿದರೆ, ಆ ವರ್ಷ ಈ ಎರಡರಲ್ಲಿ ಯಾವ ಸುದ್ದಿ ಬರಲಿದೆ ಎಂಬುದನ್ನು ಮೇ ಕೊನೆಯ ಹೊತ್ತಿಗೇ ಹೇಳಬಹುದು.